ಹಾಯಿದೋಣಿಯ ವಿದ್ಯುತ್ತು: ಗಾಳಿಯೋ ಬಿಸಿಲೋ?

1968ರ ಜೂನ್ 14ರಂದು ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ಆಂಗ್ಲ ನಾವಿಕರು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಏಕಾಂಗಿಯಾಗಿ ಹೊರಟರು. ಅವರ ದೋಣಿಯ ಹೆಸರು ‘ಸುಹೈಲಿ’. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ, ಸುಮಾರು 32 ಅಡಿ ಉದ್ದದ ಹಾಯಿದೋಣಿ ಅದು. ಎಲ್ಲಿಯೂ ತಂಗದೆ ಒಬ್ಬಂಟಿಯಾಗಿ ಭೂಮಂಡಲವನ್ನು ಸುತ್ತಿ, 312 ದಿನಗಳ ಅನಂತರ ಅದೇ ಬಂದರಿಗೆ ಮರಳಿದ ಮೊದಲ ಮಾನವರೆಂಬ ಕೀರ್ತಿ ಅವರದಾಯಿತು. ಆದರೆ ಯಾತ್ರೆಯ ನಡುವೆ ಅವರ ರೇಡಿಯೋ ಪ್ರೇಷಕವು ಕೆಟ್ಟುಹೋಯಿತು. 1968ರ ನವೆಂಬರಿನಲ್ಲಿ ನ್ಯೂಜಿಲೆಂಡಿನ ಬಳಿ ಕಾಣಿಸಿಕೊಂಡ ಮೇಲೆ ತಿಂಗಳುಗಟ್ಟಲೆ ಅವರ ಸುದ್ದಿಯೇ ಇರಲಿಲ್ಲ. 1969ರ ಏಪ್ರಿಲಿನಲ್ಲಿ ಅಸೋರ್ಸ್ ದ್ವೀಪಗಳ ಸಮೀಪ ತೈಲದ ಹಡಗೊಂದಕ್ಕೆ ದೀಪದ ಸಂಜ್ಞೆ ಮಾಡಿದಾಗಲೇ ಅವರು ಬದುಕಿರುವುದು ಲೋಕಕ್ಕೆ ತಿಳಿದದ್ದು.

ಐವತ್ತು ವರ್ಷಗಳ ಅನಂತರ, 2018ರಲ್ಲಿ, ಆ ಯಾತ್ರೆಯ ನೆನಪಿಗಾಗಿ ಏರ್ಪಟ್ಟ ಸ್ಪರ್ಧೆಯಲ್ಲಿ ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಅವರು ಭಾಗವಹಿಸಿದರು. ಅವರ ‘ತುರೀಯ’ವು ಸುಹೈಲಿಯದೇ ಮಾದರಿಯಲ್ಲಿ ಗೋವೆಯಲ್ಲಿ ಕಟ್ಟಿದ ದೋಣಿ. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಬಿರುಗಾಳಿಗೆ ಸಿಕ್ಕಿ ದೋಣಿ ಮಗುಚಿತು, ಕೂವೆಮರಗಳು ಮುರಿದವು, ಟೋಮಿಯವರ ಬೆನ್ನಿಗೆ ಭಾರಿ ಪೆಟ್ಟಾಗಿ ಏಳಲಾರದಂತಾಯಿತು. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಒಂದು ಪುಟ್ಟ ಉಪಕರಣದಿಂದ ಅವರ ಸ್ಥಿತಿ ಹೊರಗಿನವರಿಗೆ ತಿಳಿಯಿತು. ಮೂರು ದಿನಗಳ ಬಳಿಕ ಫ್ರಾನ್ಸಿನ ‘ಓಸಿರಿಸ್’ ಎಂಬ ಹಡಗು ಅವರನ್ನು ರಕ್ಷಿಸಿತು.

ರೇಡಿಯೋ ಆಗಲಿ, ಉಪಗ್ರಹ ಸಂದೇಶದ ಉಪಕರಣವಾಗಲಿ, ರಾತ್ರಿ ದೊಡ್ಡ ಹಡಗುಗಳು ಬಂದು ಅಪ್ಪಳಿಸದಂತೆ ಎಚ್ಚರಿಸುವ ದೀಪವಾಗಲಿ, ಬ್ಯಾಟರಿಯಲ್ಲಿ ವಿದ್ಯುತ್ತಿಲ್ಲದಿದ್ದರೆ ನಿಷ್ಪ್ರಯೋಜಕ. ತೈಲದ ಯಂತ್ರವನ್ನು ನಡೆಸಿ ಬ್ಯಾಟರಿಗೆ ವಿದ್ಯುತ್ತು ತುಂಬಬಹುದು ನಿಜ. ಆದರೆ ಸಣ್ಣ ದೋಣಿಯಲ್ಲಿ ಹಿಡಿಸುವ ತೈಲವೆಷ್ಟು? ಆದುದರಿಂದ ದೂರ ಹೋಗುವ ನಾವಿಕನು ಗಾಳಿಯನ್ನೋ ಬಿಸಿಲನ್ನೋ ನೆಚ್ಚಬೇಕು. ಹಾಯಿ ಬಿಚ್ಚಿ ಗಾಳಿಯಿಂದಲೇ ಸಾಗುವವನು ವಿದ್ಯುತ್ತಿಗೂ ಗಾಳಿಯನ್ನೇ ಆರಿಸಿಕೊಳ್ಳುವನೆಂದು ಯಾರಿಗಾದರೂ ಮೊದಲು ತೋರುತ್ತದೆ. ವಾಸ್ತವವು ಅಷ್ಟು ಸರಳವಲ್ಲ.

ಗಾಳಿಯಲ್ಲಿರುವ ಶಕ್ತಿಯು ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ಎಂದರೆ ವೇಗವು ಇಮ್ಮಡಿಯಾದರೆ ಶಕ್ತಿಯು ಎಂಟು ಮಡಿಯಾಗುತ್ತದೆ; ವೇಗವು ಅರ್ಧಕ್ಕಿಳಿದರೆ ಶಕ್ತಿಯು ಎಂಟರಲ್ಲೊಂದು ಪಾಲಿಗೆ ಕುಸಿಯುತ್ತದೆ. ದೋಣಿಯ ಹಿಂಭಾಗದಲ್ಲಿ ಕಂಬದ ಮೇಲೆ ನಿಲ್ಲಿಸುವ, 1.2 ಮೀಟರ್ ವ್ಯಾಸದ ರೆಕ್ಕೆಗಳುಳ್ಳ ಪವನಯಂತ್ರವನ್ನು ತೆಗೆದುಕೊಳ್ಳೋಣ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿಯಲ್ಲಿ ಅದು ಸುಮಾರು 20 ವ್ಯಾಟ್ ಕೊಡುತ್ತದೆ. ಗಾಳಿ 10 ಮೀಟರಿಗೇರಿದರೆ 160 ವ್ಯಾಟ್‌ವರೆಗೂ ಏರಬಹುದು. ಎರಡೂವರೆ ಮೀಟರಿಗಿಳಿದರೆ ರೆಕ್ಕೆ ತಿರುಗುವುದೇ ಕಷ್ಟ. ಹೀಗೆ ಪವನಯಂತ್ರವು ಬಿರುಗಾಳಿಯಲ್ಲಿ ಉದಾರಿ, ಮಂದಾನಿಲದಲ್ಲಿ ಜಿಪುಣ.

ಇನ್ನೊಂದು ತೊಡಕೂ ಉಂಟು. ಚಲಿಸುವ ದೋಣಿಯ ಮೇಲಿನ ಯಂತ್ರಕ್ಕೆ ತಾಗುವುದು ಸಮುದ್ರದ ಮೇಲೆ ಬೀಸುವ ಗಾಳಿಯಲ್ಲ. ದೋಣಿಯ ವೇಗವೂ ಸೇರಿದ ಸಾಪೇಕ್ಷ ಗಾಳಿ. ವಾಣಿಜ್ಯ ಮಾರುತವನ್ನು ಬೆನ್ನಿಗಿಟ್ಟುಕೊಂಡು ದೋಣಿಯೊಂದು ಗಂಟೆಗೆ 5 ನಾಟಿಕಲ್ ಮೈಲಿ ವೇಗದಲ್ಲಿ ಸಾಗುತ್ತಿದೆ. ಗಾಳಿಯ ವೇಗ 15 ಎಂದಿಟ್ಟುಕೊಳ್ಳಿ. ಯಂತ್ರಕ್ಕೆ ತಾಗುವುದು 10 ಮಾತ್ರ. ಘನದ ನಿಯಮದಂತೆ ದೊರೆಯುವ ಶಕ್ತಿಯು ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ನಾವಿಕನಿಗೆ ಸುಖವಾದ ಪಯಣವೇ ಯಂತ್ರಕ್ಕೆ ಬರಗಾಲ! ಗಾಳಿಗೆ ಎದುರಾಗಿ ಏರುವಾಗ, ಇಲ್ಲವೇ ಲಂಗರು ಹಾಕಿ ನಿಂತಾಗ ಮಾತ್ರ ಯಂತ್ರವು ತನ್ನ ಪೂರ್ಣ ಪಾಲನ್ನು ಪಡೆಯುತ್ತದೆ.

ಸೌರಫಲಕದ ಸ್ವಭಾವವೇ ಬೇರೆ. ಅದಕ್ಕೆ ತಿರುಗುವ ಭಾಗಗಳಿಲ್ಲ, ಸದ್ದಿಲ್ಲ, ಸವೆತವೂ ಇಲ್ಲವೆನ್ನಬಹುದು. ಉಷ್ಣವಲಯದ ನಿರ್ಮಲ ಆಕಾಶದ ಕೆಳಗೆ 100 ವ್ಯಾಟ್‌ನ ಒಂದು ಫಲಕವು, ಎಲ್ಲ ನಷ್ಟಗಳನ್ನು ಕಳೆದು, ದಿನಕ್ಕೆ ಸುಮಾರು 30 ಆಂಪಿಯರ್-ಗಂಟೆಯಷ್ಟು ವಿದ್ಯುತ್ತನ್ನು 12 ವೋಲ್ಟಿನ ಬ್ಯಾಟರಿಗೆ ತುಂಬುತ್ತದೆ. ಮಿತವಾಗಿ ದೀಪ ಉರಿಸುವ ಸಣ್ಣ ದೋಣಿಗೆ ಇದು ಸಾಕಾದೀತು. ಇದರ ಶತ್ರು ನೆರಳು. ಫಲಕದೊಳಗಿನ ಕೋಶಗಳು ಸರಪಳಿಯಂತೆ ಒಂದಕ್ಕೊಂದು ಜೋಡಣೆಯಾಗಿರುವುದರಿಂದ, ಕೆಲವೇ ಕೋಶಗಳಿಗೆ ನೆರಳು ಬಿದ್ದರೂ ಇಡೀ ಸಾಲಿನ ಪ್ರವಾಹವು ತಗ್ಗುತ್ತದೆ. ಹಾಯಿ, ಕೂವೆಮರ, ಹಗ್ಗಗಳಿಂದ ತುಂಬಿದ ದೋಣಿಯಲ್ಲಿ ನೆರಳು ಬೀಳದ ಜಾಗವನ್ನು ಹುಡುಕುವುದು ಸಣ್ಣ ಕೆಲಸವಲ್ಲ. ಅನೇಕರು ದೋಣಿಯ ಹಿಂಬದಿಯಲ್ಲಿ ಕಮಾನು ಕಟ್ಟಿ ಅದರ ಮೇಲೆ ಫಲಕವನ್ನು ಕೂರಿಸುತ್ತಾರೆ.

ಸುಹೈಲಿ, ತುರೀಯಗಳು ಹಿಡಿದ ದಾರಿಯನ್ನೇ ನಕ್ಷೆಯಲ್ಲಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಯೂರೋಪಿನಿಂದ ದಕ್ಷಿಣಕ್ಕಿಳಿಯುವಾಗ ಸಮಭಾಜಕ ವೃತ್ತದ ಬಳಿ ಗಾಳಿಯೇ ಇಲ್ಲದ ಶಾಂತವಲಯ ಬರುತ್ತದೆ. ಅಲ್ಲಿ ಪವನಯಂತ್ರವು ಅಲಂಕಾರದ ವಸ್ತು. ಬಿಸಿಲು ಮಾತ್ರ ಮೋಡಗಳ ನಡುವೆ ಆಗಾಗ ಸಿಗುತ್ತದೆ. 40 ಡಿಗ್ರಿ ದಕ್ಷಿಣ ಅಕ್ಷಾಂಶವನ್ನು ದಾಟಿದ ಮೇಲೆ ಪಾತ್ರಗಳು ಅದಲುಬದಲಾಗುತ್ತವೆ. 50 ಡಿಗ್ರಿ ಅಕ್ಷಾಂಶದಲ್ಲಿ ಚಳಿಗಾಲದ ಅತ್ಯಂತ ಕಿರಿಯ ದಿನದಂದು ಸೂರ್ಯನು ನಡುಹಗಲಿನಲ್ಲಿಯೂ ದಿಗಂತದಿಂದ ಸುಮಾರು 16 ಡಿಗ್ರಿಯಷ್ಟೇ ಮೇಲೇರುತ್ತಾನೆ. ಹಗಲು ಎಂಟು ಗಂಟೆ ಮಾತ್ರ. ಅಲ್ಲಿ ಹಗಲಿರುಳೂ ಬೀಸುವ ಪಶ್ಚಿಮ ಮಾರುತವೇ ವಿದ್ಯುತ್ತಿನ ಆಸರೆ. ನಮ್ಮ ಅರಬ್ಬೀ ಸಮುದ್ರದಲ್ಲಿಯೂ ಮುಂಗಾರಿನ ತಿಂಗಳುಗಳಲ್ಲಿ ಹೀಗೆಯೇ. ಆದರೆ ಆ ಕಾಲದಲ್ಲಿ ಸಣ್ಣ ಹಾಯಿದೋಣಿಯನ್ನು ಕಡಲಿಗಿಳಿಸುವ ವಿವೇಕಿಗಳು ವಿರಳ.

ಆದುದರಿಂದ ಉಷ್ಣವಲಯದಲ್ಲಿ ಓಡಾಡುವ ದೋಣಿಗೆ ಮೊದಲು ಸೌರಫಲಕವೇ ಯೋಗ್ಯ. ಧ್ರುವದ ದಿಕ್ಕಿಗೆ ಸಾಗುವವರು ಪವನಯಂತ್ರವನ್ನೂ ಜೊತೆಗಿಟ್ಟುಕೊಳ್ಳುವುದು ಲೇಸು. ಯಾವುದನ್ನು ಆರಿಸಿದರೂ ವಿದ್ಯುತ್ತಿನ ವೆಚ್ಚವನ್ನು ತಗ್ಗಿಸುವುದು ಅದಕ್ಕಿಂತ ಮುಂಚಿನ ಕೆಲಸ. ಚುಕ್ಕಾಣಿಯನ್ನು ತಾನಾಗಿ ತಿರುಗಿಸುವ ವಿದ್ಯುತ್ ಯಂತ್ರವು ಹಗಲೂ ರಾತ್ರಿ ಬ್ಯಾಟರಿಯನ್ನು ಹೀರುತ್ತದೆ. 2018ರ ಸ್ಪರ್ಧೆಯ ನಾವಿಕರು ಅದರ ಬದಲಿಗೆ ಗಾಳಿಯ ದಿಕ್ಕಿಗೆ ತಕ್ಕಂತೆ ಚುಕ್ಕಾಣಿಯನ್ನು ನಡೆಸುವ ಪಟವನ್ನು ಬಳಸಿದರು. ಅದಕ್ಕೆ ವಿದ್ಯುತ್ತೇ ಬೇಡ.

ಬ್ಯಾಟರಿ ತುಂಬಿದ ಮೇಲೆ ಏನು? ಫಲಕದ ಪ್ರವಾಹವನ್ನು ನಿಯಂತ್ರಕವು ಸುಮ್ಮನೆ ತಡೆದುಬಿಡುತ್ತದೆ. ಪವನಯಂತ್ರವನ್ನು ಹಾಗೆ ಬಿಡುವಂತಿಲ್ಲ. ಹೊರೆ ಇಳಿದರೆ ರೆಕ್ಕೆಗಳು ಹುಚ್ಚುವೇಗದಲ್ಲಿ ತಿರುಗಿ ಒಡೆಯಬಹುದು. ಆದ ಕಾರಣ ಹೆಚ್ಚಿನ ವಿದ್ಯುತ್ತನ್ನು ರೋಧಕ ತಂತಿಗಳಲ್ಲಿ ಹರಿಸಿ ಶಾಖವಾಗಿ ಕಳೆಯುವ ಅಥವಾ ರೆಕ್ಕೆಗಳಿಗೆ ತಡೆ ಹಾಕುವ ಏರ್ಪಾಡು ಇರಲೇಬೇಕು. ದೋಣಿ ಮಗುಚಿದರೆ ಕಂಬದ ಮೇಲಿನ ಯಂತ್ರವೂ ಕಮಾನಿನ ಮೇಲಿನ ಫಲಕವೂ ಒಟ್ಟಿಗೆ ಹೋಗಬಹುದು. ಇದನ್ನು ಬಲ್ಲ ನಾವಿಕರು ಒಂದು ಸಣ್ಣ ಫಲಕವನ್ನಾದರೂ ಕೋಣೆಯ ಮಾಡಿಗೆ ಚಪ್ಪಟೆಯಾಗಿ ಬಿಗಿದಿರುತ್ತಾರೆ. ಸಂದೇಶದ ಉಪಕರಣವನ್ನು ವಿದ್ಯುತ್ತು ತುಂಬಿಸಿ, ನೀರು ನುಗ್ಗದ ಚೀಲದಲ್ಲಿ, ಮಲಗಿದಲ್ಲಿಂದಲೇ ಕೈಗೆಟುಕುವ ಕಡೆ ಇಟ್ಟುಕೊಂಡಿರುತ್ತಾರೆ.