ಉಪಾಧ್ಯಾಯರ ನಿತ್ಯಾಭ್ಯಾಸ

ಉಪಾಧ್ಯಾಯನಾದವನು ನೇಮಕಗೊಂಡ ದಿನದಿಂದ ನಿವೃತ್ತಿಯ ಪರ್ಯಂತ ಮೂವತ್ತು ವರ್ಷಗಳಷ್ಟು ಕಾಲ ಪಾಠ ಹೇಳುವುದುಂಟು. ಆ ಅವಧಿಯಲ್ಲಿ ಪಠ್ಯಪುಸ್ತಕಗಳು ಹಲವು ಬಾರಿ ಬದಲಾಗುತ್ತವೆ. ಮನೆಮಾತು ಬೇರೆಬೇರೆಯಾದ ಮಕ್ಕಳು ಒಂದೇ ತರಗತಿಗೆ ಬಂದು ಕೂರುತ್ತಾರೆ. ಆತನ ವಿದ್ಯೆಯು ಮಾತ್ರ ಪ್ರಮಾಣಪತ್ರ ಕೈಸೇರಿದಂದೇ ನಿಂತುಹೋದರೆ ನಷ್ಟವು ಯಾರಿಗೆ? ಆತನಿಗಲ್ಲ, ಸಂಬಳವು ಬರುತ್ತಲೇ ಇರುತ್ತದೆ. ನಷ್ಟವು ನಮ್ಮ ನಿಮ್ಮ ಮಕ್ಕಳಿಗೆ.

ಕಲಿಸುವವನು ಕಲಿಯುತ್ತಲೂ ಇರಬೇಕೆಂಬ ವಿಚಾರವು ಹೊಸದಲ್ಲ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯು ಸ್ವಾಧ್ಯಾಯ ಪ್ರವಚನಗಳನ್ನು ಜೊತೆಯಾಗಿಯೇ ಹೇಳುತ್ತದೆ. 1964-66ರ ಕೊಠಾರಿ ಆಯೋಗವು ಉಪಾಧ್ಯಾಯರಿಗೆ ಪ್ರತಿ ಐದು ವರ್ಷಗಳ ಸೇವೆಯಲ್ಲಿ ಎರಡು ಮೂರು ತಿಂಗಳ ಮರುಶಿಕ್ಷಣವು ದೊರೆಯಬೇಕೆಂದು ಸೂಚಿಸಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ಜಿಲ್ಲೆಗಳಲ್ಲಿ ಡಯಟ್ ಸಂಸ್ಥೆಗಳು ಏರ್ಪಟ್ಟವು. 2020ರ ನೀತಿಯಾದರೋ ವರ್ಷಕ್ಕೆ ಕನಿಷ್ಠ 50 ಗಂಟೆಗಳ ಅಭ್ಯಾಸವನ್ನು ಅಪೇಕ್ಷಿಸಿದೆ. ಲೆಕ್ಕ ಹಾಕಿದರೆ ವಾರಕ್ಕೆ ಒಂದು ಗಂಟೆಯೂ ಪೂರ್ತಿಯಾಗದು. ಇದನ್ನು ಭಾರವೆನ್ನುವುದು ನನಗೆ ಸರಿದೋರದು.

ಆದರೆ ಏನನ್ನು ಕಲಿಯಬೇಕು? ಭಿನ್ನರಾಶಿಯ ಪಾಠವನ್ನೇ ತೆಗೆದುಕೊಳ್ಳೋಣ. ಮೂರರಲ್ಲೊಂದು ಪಾಲು ದೊಡ್ಡದೋ ನಾಲ್ಕರಲ್ಲೊಂದು ಪಾಲು ದೊಡ್ಡದೋ ಎಂದು ಕೇಳಿದರೆ ಅನೇಕ ಮಕ್ಕಳು ನಾಲ್ಕರಲ್ಲೊಂದೇ ದೊಡ್ಡದೆನ್ನುತ್ತಾರೆ. ಮೂರಕ್ಕಿಂತ ನಾಲ್ಕು ದೊಡ್ಡದಷ್ಟೆ! ಇದು ಮಗುವಿನ ದಡ್ಡತನವಲ್ಲ. ಪೂರ್ಣಸಂಖ್ಯೆಗಳಲ್ಲಿ ಕಲಿತ ನಿಯಮವನ್ನೇ ಅದು ಇಲ್ಲಿಗೂ ಹೊಂದಿಸುತ್ತಿದೆ. ತಪ್ಪೆಂದು ಗೀಟು ಹಾಕುವ ಉಪಾಧ್ಯಾಯನಿಗೂ, ಒಂದೇ ಅಳತೆಯ ಎರಡು ರೊಟ್ಟಿಗಳನ್ನು ತರಿಸಿ ಮೂರು ಪಾಲು, ನಾಲ್ಕು ಪಾಲು ಮಾಡಿಸಿ ತೋರಿಸುವವನಿಗೂ ಗಣಿತವು ಸಮಾನವಾಗಿಯೇ ಗೊತ್ತು. ಮಗು ಎಲ್ಲಿ ಎಡವಿತೆಂಬುದು ಎರಡನೆಯವನಿಗೆ ಮಾತ್ರ ಗೊತ್ತು. ಈ ಅರಿವು ತರಗತಿಯನ್ನು ಬಿಟ್ಟು ಬೇರೆಲ್ಲಿಯೂ ಬಲಿಯದು.

ಜಪಾನಿನ ಶಾಲೆಗಳಲ್ಲಿ ಇದಕ್ಕೊಂದು ಕ್ರಮವಿದೆ. ಕೆಲವು ಉಪಾಧ್ಯಾಯರು ಕೂಡಿ ಒಂದು ಪಾಠವನ್ನು ರಚಿಸುತ್ತಾರೆ. ಒಬ್ಬರು ಅದನ್ನು ಬೋಧಿಸುವಾಗ ಉಳಿದವರು ಮಕ್ಕಳನ್ನು ಗಮನಿಸುತ್ತಾರೆ. ಅನಂತರ ಎಲ್ಲರೂ ಕುಳಿತು ವಿಮರ್ಶಿಸಿ ಪಾಠವನ್ನು ತಿದ್ದುತ್ತಾರೆ. ವಿಮರ್ಶೆಯು ಪಾಠದ್ದೇ ಹೊರತು ವ್ಯಕ್ತಿಯದಲ್ಲ. ಕಲ್ಯಾಣದ ಶರಣರು ತಮ್ಮ ಅನುಭವವನ್ನು ಗೋಷ್ಠಿಯಲ್ಲಿಟ್ಟು ವಿಚಾರಿಸುತ್ತಿದ್ದರೆಂಬುದನ್ನು ಬಲ್ಲ ನಮಗೆ ಈ ಪದ್ಧತಿಯು ಪರಕೀಯವೆನಿಸಬೇಕಾಗಿಲ್ಲ. ನಮ್ಮ ತರಬೇತಿಗಳಲ್ಲಿ ಬಹಳವು ಮೇಲಿನವರು ಹೇಳಿ ಕೆಳಗಿನವರು ಕೇಳುವ ಬಗೆಯವು. ಮಾತು ಮೂರು ನಾಲ್ಕು ಕೈ ದಾಟಿ ಬರುವಷ್ಟರಲ್ಲಿ ಸಾರವೆಲ್ಲ ಸೋರಿಹೋಗಿರುತ್ತದೆ. ಸಹಿ ಹಾಕಿ, ಊಟ ಮಾಡಿ, ಹಿಂದಿರುಗಿದರೆ ಅದು ಅಭ್ಯಾಸವಾಗದು.

ಗೃಹಸ್ಥರಿಗೂ ಇಲ್ಲಿ ಪಾತ್ರವುಂಟು. ಉಪಾಧ್ಯಾಯರು ತರಬೇತಿಗೆ ಹೊರಟರೆ ಶಾಲೆ ತಪ್ಪಿಸಿದರೆಂದು ಗೊಣಗುವವರು ನಮ್ಮಲ್ಲಿ ಬಹಳ ಮಂದಿ. ಒಬ್ಬರೇ ಉಪಾಧ್ಯಾಯರಿರುವ ಶಾಲೆಯಲ್ಲಿ ಆ ಗೊಣಗಾಟಕ್ಕೆ ಕಾರಣವೂ ಇದೆ. ಅಂಥಲ್ಲಿ ಎಸ್‌ಡಿಎಂಸಿ ಸಭೆಯಲ್ಲಿ ಕುಳಿತು, ಆ ದಿನಗಳಿಗೆ ಬದಲಿ ಉಪಾಧ್ಯಾಯರನ್ನು ಮುಂಚಿತವಾಗಿಯೇ ಕೇಳಿ ಪಡೆಯತಕ್ಕದ್ದು. ಮರಳಿ ಬಂದವರನ್ನು, ಏನು ಕಲಿತು ಬಂದಿರಿ ಸ್ವಾಮಿ, ನಮ್ಮ ಮಕ್ಕಳಿಗೆ ಅದನ್ನು ಯಾವ ಪಾಠದಲ್ಲಿ ತೋರಿಸುವಿರಿ ಎಂದು ವಿನಯದಿಂದ ವಿಚಾರಿಸತಕ್ಕದ್ದು.