ಮೊದಲು ಬ್ಯಾಕಪ್, ಆಮೇಲೆ ಉಬುಂಟು

ಪೆನ್ ಡ್ರೈವ್‌ಗೆ ಉಬುಂಟು ಇಳಿಸಿಕೊಂಡು ಕೂತಿದ್ದೀಯ. ರಾತ್ರಿ ಬೆಳಗಾಗುವುದರೊಳಗೆ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಪಕ್ಕ ಲಿನಕ್ಸ್ ಕೂರಿಸಿಬಿಡಬೇಕು ಅಂತ ಹಟ. ಕೈ ಚುರುಕು, ತಲೆ ಅದಕ್ಕಿಂತ ಚುರುಕು. ತಾಳ್ಮೆಯೊಂದು ಸ್ವಲ್ಪ ಕಡಿಮೆ, ಅದಕ್ಕೇ ಕರೆದೆ. ಬಾ, ಕೂತು ಕೇಳು.

ನೀನು ಮಾಡಹೊರಟಿದ್ದು ತಪ್ಪಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆ ಯಂತ್ರಕ್ಕೆ ಲಿನಕ್ಸ್ ಹೊಸ ಆಯುಸ್ಸು ಕೊಡುತ್ತದೆ. ಆದರೆ ಆ ಯಂತ್ರ ಮನೆಗೆಲ್ಲ ಸೇರಿದ್ದು. ಅಕ್ಕನ ಮದುವೆ ಫೋಟೋ, ಅಪ್ಪನ ತೆರಿಗೆ ಕಾಗದ, ಅಮ್ಮ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಮಹಿಳಾ ಸಂಘದ ವರದಿ, ಎಲ್ಲ ಒಂದೇ ಡಿಸ್ಕ್‌ನಲ್ಲಿವೆ. ಮೊದಲು ಅವನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡು. ನಕಲಾಯಿತು ಅಂತ ಎದ್ದುಬಿಡಬೇಡ, ನಾಲ್ಕಾರು ಫೈಲು ತೆರೆದು ನೋಡು. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಬಿಟ್‌ಲಾಕರ್ ಇದೆಯೋ ನೋಡಿಕೊಂಡೆಯಾ? ಇತ್ತೀಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಅದು ತಾನಾಗಿಯೇ ಬೀಗ ಹಾಕಿರುತ್ತದೆ. ನೀನು ಸೆಕ್ಯೂರ್ ಬೂಟ್ ಬದಲಿಸಿದರೆ 48 ಅಂಕಿಗಳ ರಿಕವರಿ ಕೀ ಕೇಳೀತು. ಅದು ಸಿಗದಿದ್ದರೆ ಫೈಲುಗಳ ಆಸೆ ಬಿಡಬೇಕು. ಈಗಲೇ ಹುಡುಕಿ ಕಾಗದದ ಮೇಲೆ ಬರೆದಿಡು. ಮೊಬೈಲಿನಲ್ಲಿ ಫೋಟೋ ಇದೆ ಅನ್ನಬೇಡ, ನಿನ್ನ ಮೊಬೈಲಿಗೆ ಯಾವಾಗ ಚಾರ್ಜ್ ಇರುತ್ತದೆ!

ಡಿಸ್ಕ್ ಕುಗ್ಗಿಸುವುದು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಆಗಲಿ, ತನ್ನ ಮನೆ ಅದಕ್ಕೇ ಚೆನ್ನಾಗಿ ಗೊತ್ತು. ಲ್ಯಾಪ್‌ಟಾಪಾದರೆ ಚಾರ್ಜರ್ ಸಿಕ್ಕಿಸಿರು, ಡೆಸ್ಕ್‌ಟಾಪಾದರೆ ಯುಪಿಎಸ್ ಬೇಕೇ ಬೇಕು. ಪಾರ್ಟಿಷನ್ ಸರಿಯುತ್ತಿರುವಾಗ ಕರೆಂಟ್ ಹೋದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ. ಫಾಸ್ಟ್ ಸ್ಟಾರ್ಟ್‌ಅಪ್ ಕೂಡ ಆರಿಸು. ಅದು ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಲಿನಕ್ಸ್‌ನಿಂದ ಆ ಡ್ರೈವ್‌ಗೆ ಬರೆಯಲಾಗುವುದಿಲ್ಲ.

ಇನ್‌ಸ್ಟಾಲ್ ಮಾಡುವ ಮೊದಲು ಪೆನ್ ಡ್ರೈವ್‌ನಿಂದಲೇ ಒಂದು ದಿನ ಓಡಿಸು. ವೈಫೈ ಸಿಗುತ್ತದಾ, ಧ್ವನಿ ಬರುತ್ತದಾ, ಟಚ್‌ಪ್ಯಾಡ್ ಮಾತು ಕೇಳುತ್ತದಾ, ಎಲ್ಲ ಗೊತ್ತಾಗುತ್ತದೆ. ನಂತರ ಇನ್‌ಸ್ಟಾಲ್ ಪರದೆಯಲ್ಲಿ ಪ್ರತಿ ಸಾಲನ್ನೂ ಓದು. ಡಿಸ್ಕ್ ಪೂರ್ತಿ ಅಳಿಸುವ ಆಯ್ಕೆಯೂ ಅಲ್ಲೇ ಇರುತ್ತದೆ. ನೀನು 'ನೆಕ್ಸ್ಟ್' ಒತ್ತುವ ವೇಗ ನಾನು ನೋಡಿದ್ದೇನೆ. ಇಎಫ್ಐ ಎಂಬ ಪುಟ್ಟ ಪಾರ್ಟಿಷನ್ ಕಂಡರೆ ಫಾರ್ಮ್ಯಾಟ್ ಮಾಡಬೇಡ, ವಿಂಡೋಸ್ ಏಳುವುದು ಅದರಿಂದಲೇ.

ಲಿನಕ್ಸ್ ಬಳಸಿ ವಿಂಡೋಸಿಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದಿದ್ದರೆ ಗಾಬರಿಯಾಗಬೇಡ. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ನಮ್ಮ ಸಮಯ ಎಂದುಕೊಳ್ಳುತ್ತದೆ, ಲಿನಕ್ಸ್ ಯುಟಿಸಿಯಲ್ಲಿಡುತ್ತದೆ. ಒಂದು ಆದೇಶ ಕೊಟ್ಟರೆ ಲಿನಕ್ಸ್ ಕೂಡ ಸ್ಥಳೀಯ ಸಮಯಕ್ಕೆ ಒಪ್ಪುತ್ತದೆ. ಬ್ಯಾಟರಿ ಹೋಯಿತೆಂದು ಅಂಗಡಿಗೆ ಓಡಬೇಡ.

ಅಮ್ಮನ ಹಳೆಯ ನುಡಿ ಫೈಲುಗಳು ಯುನಿಕೋಡ್ ಅಲ್ಲ. ಲಿನಕ್ಸ್‌ನಲ್ಲಿ ಆ ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಅಕ್ಷರ ಕಾಣುತ್ತವೆ. ಹಾಗಾಗಿ ಅವರ ಕೆಲಸ ವಿಂಡೋಸ್‌ನಲ್ಲೇ ಇರಲಿ. ನೀನು ಲಿನಕ್ಸ್‌ನಲ್ಲಿ ಐಬಸ್ ಹಾಕಿ ಕೆಜಿಪಿ ಕೀಲಿಮಣೆ ಆರಿಸಿಕೊಂಡರೆ ಯುನಿಕೋಡ್ ಕನ್ನಡ ಸಲೀಸು. ಯಂತ್ರ ಏಳುವಾಗ ಯಾವುದು ಬೇಕೆಂದು ಕೇಳುವ ಗ್ರಬ್ ಮೆನುವಿನಲ್ಲಿ ತಾನಾಗಿ ಏಳುವುದು ವಿಂಡೋಸೇ ಆಗಿರಲಿ. ನಿನ್ನ ಉತ್ಸಾಹಕ್ಕೆ ಮನೆಯವರು ಕಪ್ಪು ಪರದೆ ನೋಡುತ್ತ ಕೂರಬಾರದು. ನಿನಗೆ ಬಾಣದ ಗುಂಡಿ ಒತ್ತುವುದೇನು ಕಷ್ಟ?

ಮೂರನೆಯ, ನಾಲ್ಕನೆಯ ಆಪರೇಟಿಂಗ್ ಸಿಸ್ಟಮ್ಮೂ ಬೇಕು ಅಂದೆಯಲ್ಲ, ಅವನ್ನು ವರ್ಚುವಲ್‌ಬಾಕ್ಸ್‌ನಲ್ಲಿ ಹಾಕಿ ಆಡು. ಬೇಸರವಾದರೆ ಒಂದು ಫೈಲು ಅಳಿಸಿದಂತೆ ಅಳಿಸಬಹುದು. ಡಿಸ್ಕ್‌ನಲ್ಲಿ ಕೂರಿಸಿದ ಲಿನಕ್ಸ್ ಹಾಗಲ್ಲ. ಎಂದಾದರೂ ಬೇಡವೆನಿಸಿದರೆ ಸಿಟ್ಟಿನಲ್ಲಿ ಪಾರ್ಟಿಷನ್ ಅಳಿಸಬೇಡ, ಗ್ರಬ್ ತನ್ನ ಕಡತ ಕಾಣದೆ ಅಲ್ಲೇ ನಿಂತುಬಿಡುತ್ತದೆ. ಮೊದಲು ಯುಇಎಫ್ಐ ಸೆಟ್ಟಿಂಗ್‌ಗೆ ಹೋಗಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದಿಡು, ಒಮ್ಮೆ ವಿಂಡೋಸ್ ಎದ್ದಿದ್ದು ಕಣ್ಣಾರೆ ನೋಡು, ಆಮೇಲೆ ಅಳಿಸು.