ಗಿಚಿನ್ ಫುನಾಕೋಶಿ: ಆಧುನಿಕ ಕರಾಟೆಯ ಪಿತಾಮಹ

ಮೇಜಿ ಪುನಃಸ್ಥಾಪನೆ ನಡೆದ 1868ರಲ್ಲೇ ಓಕಿನಾವಾದ ಶುರಿಯಲ್ಲಿ ಜನನ. ವೃತ್ತಿಯಲ್ಲಿ ಶಾಲಾ ಶಿಕ್ಷಕ. ಗುರುಗಳು: ಆಂಕೊ ಅಸಾತೊ, ಆಂಕೊ ಇತೊಸು. ರಾತ್ರಿ ಹೊತ್ತು ಅಸಾತೊ ಅವರ ಮನೆಯಂಗಳದಲ್ಲಿ, ಗುರು ಒಪ್ಪುವವರೆಗೂ ಒಂದೇ ‘ಕಾತಾ’ವನ್ನು (ನಿಗದಿತ ಚಲನೆಗಳ ಸರಣಿ) ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಿದ್ದರು. ಆ ತಾಳ್ಮೆಯೇ ಅವರ ದೊಡ್ಡ ಬಲ.

1922ರಲ್ಲಿ ಟೋಕಿಯೊದಲ್ಲಿ ಕರಾಟೆ ಪ್ರದರ್ಶಿಸಿದರು. ಜಿಗೊರೊ ಕಾನೊ ಆಹ್ವಾನದ ಮೇರೆಗೆ ಅವರ ಕೊಡೊಕಾನ್ ಜೂಡೊ ಶಾಲೆಯಲ್ಲೂ ತೋರಿಸಿದರು. ಬಳಿಕ ಊರಿಗೆ ಮರಳದೆ ಅಲ್ಲೇ ನೆಲೆನಿಂತು ಕಲಿಸಿದರು. 1924ರಲ್ಲಿ ಕೀಯೊ ವಿಶ್ವವಿದ್ಯಾಲಯದಲ್ಲಿ ಕರಾಟೆ ಕ್ಲಬ್ ಶುರುವಾಯಿತು. ಅವರ ಕಾವ್ಯನಾಮ ‘ಶೋತೊ’. ತರಬೇತಿ ಶಾಲೆಗೂ ಶೈಲಿಗೂ ‘ಶೋತೊಕಾನ್’ ಹೆಸರು ಬಂದದ್ದು ಅದರಿಂದಲೇ. ಪ್ರಮುಖ ಕೃತಿ ‘ಕರಾಟೆ-ದೊ ಕ್ಯೋಹಾನ್’ (1935). ನಿಧನ 1957.

ಗಮನಿಸಿ: ಜೂಡೊ ಸ್ಥಾಪಕ ಕಾನೊ, ಶೋತೊಕಾನ್ ಸ್ಥಾಪಕ ಫುನಾಕೋಶಿ. ಹೊಂದಿಸಿ ಬರೆಯುವಾಗ ಇವೆರಡು ಅದಲುಬದಲಾಗದಿರಲಿ.